ಏಳರ ಎಣಿಕೆಯ ಕೊಳಲು

ಇವತ್ತು ಬೆಳಗ್ಗಿನಿಂದ ಥಿಯೊಡೋಸಿ ಸ್ಪಾಸೊವ್ ಅವರನ್ನೇ ಕೇಳುತ್ತಿದ್ದೇನೆ. 1961ರಲ್ಲಿ ಬಲ್ಗೇರಿಯಾದಲ್ಲಿ ಹುಟ್ಟಿದವರು. ನುಡಿಸುವುದು ಕವಾಲ್, ಅಲ್ಲಿನ ಕುರಿಗಾಹಿಗಳ ಉದ್ದನೆಯ ಕೊಳಲು. ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿಯುವುದಿಲ್ಲ, ತುದಿಯ ಅಂಚಿಗೆ ಓರೆಯಾಗಿ ಊದಬೇಕು. ಇವರು ಊದುತ್ತಲೇ ಗಂಟಲಲ್ಲಿ ಹಾಡುತ್ತಾರೆ ಕೂಡ!

ಅಲ್ಲಿನ ಹಳ್ಳಿ ಸಂಗೀತಕ್ಕೆ ಜಾಝ್ ಬೆರೆಸಿದ್ದಾರೆ ಅಂದಾಗ ಸ್ವಲ್ಪ ಅನುಮಾನ ಇತ್ತು. ಫ್ಯೂಷನ್ ಹೆಸರಲ್ಲಿ ಸುಮ್ನೆ ಡ್ರಮ್ಸ್ ಸೇರಿಸುವವರೇ ಜಾಸ್ತಿ, ಅಲ್ವಾ? ಇಲ್ಲಿ ಹಾಗಿಲ್ಲ. ಬಲ್ಗೇರಿಯಾದ ರಾಚೆನಿತ್ಸಾ ಕುಣಿತದ ಲಯ ಎರಡು, ಎರಡು, ಮೂರು, ಒಟ್ಟು ಏಳು. ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ ಮಿಶ್ರಚಾಪು ಕೇಳಿ ಬೆಳೆದ ಕಿವಿಗೆ ಈ ಲೆಕ್ಕ ಹೊಸದಲ್ಲ. ಇಂಥ ಕುಂಟು ನಡೆಯ ಲಯಗಳನ್ನು ನೇರ ಮಾಡದೆ, ಅವುಗಳ ಮೇಲೇ ಮನೋಧರ್ಮ, ಅಂದರೆ ಆ ಕ್ಷಣದಲ್ಲೇ ಕಟ್ಟುವ ಸಂಗೀತ, ಬೆಳೆಸುತ್ತಾರೆ. ಹಳ್ಳಿ ಹಾಡನ್ನು ‘ಸುಧಾರಿಸುವ’ ಉತ್ಸಾಹಿಗಳು ಒಮ್ಮೆ ಕೇಳಬೇಕು. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನ್ ಸ್ಪೀಕರ್‌ನಲ್ಲಿ ಆ ಗಂಟಲ ದನಿ ಸರಿಯಾಗಿ ಸಿಗುವುದಿಲ್ಲ.