ನಲಿ-ಕಲಿ ಕೋಣೆಯ ಅಚ್ಚುಕಟ್ಟು

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುವುದರಿಂದ, ಶಿಕ್ಷಕಿಯಾದ ನನ್ನ ಶಿಸ್ತು ಕಲಿಕಾ ಕಾರ್ಡುಗಳಿಂದಲೇ ಆರಂಭವಾಗಬೇಕು. ಒಂದು ಕಾರ್ಡು ಕಾಣೆಯಾದರೂ ಕಾರ್ಡುಗಳ ಕ್ರಮವನ್ನು ತೋರಿಸುವ ಕಲಿಕಾ ಏಣಿಯಲ್ಲಿ ಯಾವುದೋ ಮಗು ಅಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ಮೈಲಿಗಲ್ಲಿನ, ಅಂದರೆ ಕಲಿಕೆಯ ಹಂತದ, ಪ್ರಕಾರ ವಿಂಗಡಿಸಿದ ಟ್ರೇಗಳನ್ನು ಮಕ್ಕಳ ಕೈಗೆಟುಕುವ ಎತ್ತರದಲ್ಲಿಟ್ಟು, ಸಂಜೆಯ ಗಂಟೆಗೆ ಮುನ್ನ ಅವರಿಂದಲೇ ಕಾರ್ಡುಗಳನ್ನು ಜೋಡಿಸಿ ಇಡಿಸುತ್ತೇನೆ. ಚಿತ್ರದ ಗುರುತು ನೋಡಿ ಅವರು ತಪ್ಪಿಲ್ಲದೆ ಇಡುತ್ತಾರೆ.

ಕಲಿಕೆಯ ನಡುವೆ ನಡೆಯುವ ವರ್ಷದ ನಾಲ್ಕು ರೂಪಣಾತ್ಮಕ, ಅವಧಿಯ ಕೊನೆಗೆ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿಗೆ ನೆನಪನ್ನು ನಂಬುವುದು ಮಕ್ಕಳಿಗೆ ಅನ್ಯಾಯವೆಂದೇ ನನ್ನ ಭಾವನೆ. ಪ್ರತಿ ಮಗುವಿಗೂ ಒಂದು ಪುಟ ಮೀಸಲಿಟ್ಟ ನೋಟ್‌ಬುಕ್ಕಿನಲ್ಲಿ, ‘ಒತ್ತಕ್ಷರ ಓದುವಾಗ ತಡವರಿಸುತ್ತಾಳೆ’ ಎಂಬಂಥ ಸಾಲನ್ನು ಅಂದೇ ಬರೆದಿಡುತ್ತೇನೆ. ಆನ್‌ಲೈನ್ ಮಾಹಿತಿ ತುಂಬುವ ಕೆಲಸವೆಲ್ಲ ಮಕ್ಕಳು ಮನೆಗೆ ಹೋದ ಮೇಲೆ.