ಕನ್ನಂಬಾಡಿ ನೀರಿನ ಮಟ್ಟ, ನೆಟ್‌ಸ್ಕೇಪ್ ಕಾಲದ ಬ್ರೌಸರಿನಲ್ಲಿ

ಕೆಲಸ ಅರ್ಧ ದಾರಿ ದಾಟಿದೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ತೋರಿಸುವ ಒಂದೇ ಒಂದು ಪುಟ. ಅದನ್ನೇ 1993ರಿಂದ 1999ರವರೆಗೆ ಬಂದ ಒಂದೊಂದು ತಂತ್ರದಲ್ಲೂ ಹೊಸದಾಗಿ ಕಟ್ಟುತ್ತಾ ಬರುತ್ತಿದ್ದೇನೆ. ಮಳೆಗಾಲದಲ್ಲಿ ಮೈಸೂರು, ಮಂಡ್ಯದ ಮನೆಗಳಲ್ಲಿ ಪೇಪರ್ ಬಿಡಿಸಿದ ಕೂಡಲೇ ಕಣ್ಣು ಹೋಗೋದು ಈ ಸಂಖ್ಯೆಗೇ ಅಲ್ವಾ? ಕಟ್ಟೆ ತುಂಬಿದರೆ 124.80 ಅಡಿ. ಅಲ್ಲಿಯವರೆಗೆ ದಿನಾ ಬದಲಾಗುತ್ತಲೇ ಇರುತ್ತದೆ. ಬದಲಾಗುವುದನ್ನು ತೋರಿಸೋಕೆ ಆಗಿನ ಬ್ರೌಸರುಗಳು ಏನೇನು ಪಾಡು ಪಟ್ಟವು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ವಿಷಯ ನನಗೆ ಹೊಳೆಯಲಿಲ್ಲ.

ಸಲಕರಣೆ ಜಾಸ್ತಿ ಇಲ್ಲ. ಲ್ಯಾಪ್‌ಟಾಪಿನಲ್ಲಿ 86ಬಾಕ್ಸ್ ಎಂಬ ಎಮ್ಯುಲೇಟರ್ (ಹಳೇ ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಮ್), ಅದರೊಳಗೆ ವಿಂಡೋಸ್ 95, ಆಗಿನ ಹೆಸರಾಂತ ಬ್ರೌಸರ್ ನೆಟ್‌ಸ್ಕೇಪ್‌ನ 2, 3, 4ನೇ ಆವೃತ್ತಿಗಳು. ಸರ್ವರ್ ಕೆಲಸಕ್ಕೆ, ಅಂದರೆ ಪುಟಗಳನ್ನು ಕಳಿಸೋಕೆ, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಅಪಾಚೆ ಎಂಬ ಸರ್ವರ್ ತಂತ್ರಾಂಶ, ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ. ನೆಟ್‌ವರ್ಕ್ ವೇಗವನ್ನು ಬೇಕಂತಲೇ ಆಗಿನ ಮೋಡೆಮ್‌ನಂತೆ 28.8 ಕಿಲೋಬಿಟ್‌ಗೆ ಇಳಿಸಿದ್ದೇನೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ಮೂರೂವರೆ ಕಿಲೋಬೈಟ್. ಈ ನಿಧಾನ ಇಲ್ಲದೇ ಹೋದರೆ ಆಗಿನವರು ಯಾಕೆ ಹಾಗೆ ಮಾಡಿದರು ಅನ್ನೋದು ಅರ್ಥವೇ ಆಗುವುದಿಲ್ಲ.

ನೆಟ್‌ಸ್ಕೇಪ್ 2 ಕನ್ನಡ ಅಕ್ಷರ ತೋರಿಸುವುದಿಲ್ಲ. ಅದಕ್ಕೇ ೦ಯಿಂದ ೯ರವರೆಗೆ ಹತ್ತು ಅಂಕಿ, ಒಂದು ಚುಕ್ಕಿ, ಎಲ್ಲವನ್ನೂ ಗಿಫ್ ಚಿತ್ರ ಮಾಡಿಕೊಂಡೆ. ಅಗಲ 16, ಎತ್ತರ 24 ಪಿಕ್ಸೆಲ್. ಅಷ್ಟು ಸಣ್ಣ ಜಾಗದಲ್ಲಿ ೬ ಮತ್ತು ೯ ಥಟ್ಟನೆ ಬೇರೆಬೇರೆಯಾಗಿ ಕಾಣಬೇಕು ಅಂದರೆ ಒಂದೊಂದು ಚುಕ್ಕೆಯನ್ನೂ ಕೈಯಾರೆ ಇಡಬೇಕು.

ಮೊದಲು ಮುಗಿದದ್ದು ಸಿಜಿಐ. 1993ರಲ್ಲಿ ಎನ್‌ಸಿಎಸ್‌ಎ ಎಂಬ ಅಮೆರಿಕದ ಸಂಶೋಧನಾ ಕೇಂದ್ರದ ಸರ್ವರಿನ ಜೊತೆ ಬಂದ ಏರ್ಪಾಡು ಇದು. ಬ್ರೌಸರ್ ಪುಟ ಕೇಳಿದಾಗ ಸರ್ವರ್ ಸಿದ್ಧ ಕಡತ ಕೊಡುವ ಬದಲು ಒಂದು ಪ್ರೋಗ್ರಾಮ್ ಓಡಿಸುತ್ತದೆ. ಆ ಪ್ರೋಗ್ರಾಮ್ 'ಕಂಟೆಂಟ್-ಟೈಪ್' ಅಂತ ಒಂದು ಸಾಲು, ಆಮೇಲೆ ಒಂದು ಖಾಲಿ ಸಾಲು, ಆಮೇಲೆ ಎಚ್‌ಟಿಎಂಎಲ್ ಬರೆದರೆ ಆಯಿತು. ನಾನು ಬೆಳಿಗ್ಗೆ ಪೇಪರ್ ನೋಡಿ ಮಟ್ಟವನ್ನು ಒಂದು ಟೆಕ್ಸ್ಟ್ ಫೈಲಿಗೆ ಸೇರಿಸುತ್ತೇನೆ. ಪರ್ಲ್ ಅದರ ಕೊನೆಯ ಸಾಲು ಓದಿ ಅಂಕಿಗಳ ಚಿತ್ರ ಜೋಡಿಸುತ್ತದೆ. ಇಂದಿಗೂ ಹಾಗೇ ನಡೆಯುತ್ತದೆ, ಒಂದಕ್ಷರ ಬದಲಿಸಬೇಕಿಲ್ಲ. ಇಷ್ಟು ಸರಳವಾದ ತಂತ್ರ ನಾನು ಬೇರೆ ನೋಡಿಲ್ಲ.

ಆದರೆ ನೀರು ಏರುವುದನ್ನು ಕಣ್ಣಾರೆ ನೋಡಬೇಕಲ್ಲ. ಅದಕ್ಕೆ ಸರ್ವರ್ ಪುಶ್. 1995ರ ನೆಟ್‌ಸ್ಕೇಪ್ 1.1ರಲ್ಲಿ ಬಂದದ್ದು. ಸರ್ವರ್ ಸಂಪರ್ಕ ಮುಚ್ಚದೆ ಚಿತ್ರದ ಮೇಲೆ ಚಿತ್ರ ಕಳಿಸುತ್ತಾ ಇರುತ್ತದೆ, ಬ್ರೌಸರ್ ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಾ ಹೋಗುತ್ತದೆ. ಜೂನ್‌ನಿಂದ ಬರೆದಿಟ್ಟ ಮಟ್ಟಗಳನ್ನು ಹೀಗೆ ಒಂದೊಂದಾಗಿ ಕಳಿಸಿದೆ. ಕಟ್ಟೆಯ ಒಂದು ಚಿತ್ರ 7 ಕಿಲೋಬೈಟ್, ಅಂದರೆ ಬರೋಕೆ ಎರಡು ಸೆಕೆಂಡು. ಅದಕ್ಕಿಂತ ಬೇಗ ನೀರು ಏರುವಂತೆಯೇ ಇಲ್ಲ! ಚಿತ್ರ ಕಳಿಸಿ ಪ್ರಯೋಜನವಿಲ್ಲ, ಚಿತ್ರ ಬರೆಯುವ ವಿಧಾನವನ್ನೇ ಕಳಿಸಬೇಕು ಅನ್ನೋದು ಇಲ್ಲಿ ಸ್ಪಷ್ಟವಾಯಿತು.

ಜಾವಾ ಆಪ್ಲೆಟ್, ಅಂದರೆ ಪುಟದೊಳಗೇ ಓಡುವ ಪುಟ್ಟ ಪ್ರೋಗ್ರಾಮ್, ಮಾಡಿದ್ದು ಅದನ್ನೇ. ನೆಟ್‌ಸ್ಕೇಪ್ 2ರಲ್ಲಿ ಪುಟ ತೆರೆದರೆ ಕೆಳಗೆ 'ಸ್ಟಾರ್ಟಿಂಗ್ ಜಾವಾ' ಅಂತ ಬರುತ್ತದೆ, ಎಲ್ಲವೂ ಒಂದಷ್ಟು ಹೊತ್ತು ನಿಂತುಬಿಡುತ್ತದೆ. ಒಮ್ಮೆ ಶುರುವಾದರೆ ಮಾತ್ರ ನೋಡೋಕೆ ಖುಷಿ. ಮಟ್ಟಗಳ ಪಟ್ಟಿ ಮಾತ್ರ ಸರ್ವರಿನಿಂದ ಬರುತ್ತದೆ, ಕೆಲವೇ ನೂರು ಬೈಟ್. ನೀಲಿ ನೀರು ಕಟ್ಟೆಯ ಗೋಡೆಗೆ ಒತ್ತಿಕೊಂಡು ಮೇಲೇರುತ್ತದೆ. ಆಪ್ಲೆಟ್ ತಾನು ಬಂದ ಸರ್ವರನ್ನು ಬಿಟ್ಟು ಬೇರೆಯವರ ಜೊತೆ ಮಾತಾಡುವಂತಿಲ್ಲ, ಅಷ್ಟು ಎಚ್ಚರ ಆಗಲೇ ಇಟ್ಟಿದ್ದರು. ಕೊರತೆ ಅಂದರೆ, ಅದು ಪುಟದ ನಡುವೆ ಇಟ್ಟ ಒಂದು ಮುಚ್ಚಿದ ಪೆಟ್ಟಿಗೆ. ಸುತ್ತಲಿನ ಬರಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇದನ್ನು ಮಂಡ್ಯದ ದೊಡ್ಡಪ್ಪನಿಗೆ ತೋರಿಸಿದೆ. ಅವರದ್ದು ಕಬ್ಬಿನ ಗದ್ದೆ, ವಿಶ್ವೇಶ್ವರಯ್ಯ ನಾಲೆಯ ನೀರು. ಸ್ವಲ್ಪ ಹೊತ್ತು ನೋಡಿ, "ಬರೀ ಅಡಿ ಯೋಳುದ್ರೆ ಆಯ್ತದಾ ಮಗಾ? ಒಳಕ್ಕೆ ಎಷ್ಟು ಬತ್ತಾ ಅದೆ, ಹೊರಕ್ಕೆ ಎಷ್ಟು ಬುಟ್ಟವ್ರೆ, ಅದ ಹಾಕು" ಅಂದರು. ಆ ಮಾತಿನಿಂದಲೇ ಜಾವಾಸ್ಕ್ರಿಪ್ಟ್ ಪುಟಕ್ಕೆ ದಾರಿ ಸಿಕ್ಕಿತು.

ಜಾವಾಸ್ಕ್ರಿಪ್ಟ್ ಅಂದರೆ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಮೊದಲ ರೂಪ ಕೊಟ್ಟ ಭಾಷೆ. ನೆಟ್‌ಸ್ಕೇಪ್ 2ರಲ್ಲಿ ಅದಕ್ಕೆ ಪುಟದ ಬರಹ ಬದಲಿಸುವ ಶಕ್ತಿ ಇರಲಿಲ್ಲ, ಫಾರ್ಮಿನ ಖಾನೆಗಳನ್ನು ಬದಲಿಸಬಹುದಿತ್ತು. ದೊಡ್ಡಪ್ಪನ ಲೆಕ್ಕಕ್ಕೆ ಅಷ್ಟು ಧಾರಾಳವಾಗಿ ಸಾಕು. ಒಂದು ಖಾನೆಯಲ್ಲಿ ಒಳಹರಿವು, ಇನ್ನೊಂದರಲ್ಲಿ ಹೊರಹರಿವು. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಒಳಹರಿವು 30,000, ಹೊರಹರಿವು 7,000 ಅಂತ ಹಾಕಿದರೆ ಮೂರನೇ ಖಾನೆಯಲ್ಲಿ 1.99 ಟಿಎಂಸಿ ಅಂತ ತಕ್ಷಣ ಬರುತ್ತದೆ. ಮೋಡೆಮ್ ಸುಮ್ನೆ ಕೂತಿರುತ್ತದೆ. ಸಿಜಿಐನಲ್ಲಿ ಇದೇ ಲೆಕ್ಕಕ್ಕೆ ಸರ್ವರಿಗೆ ಹೋಗಿ ಇಡೀ ಪುಟ ಹೊತ್ತು ತರಬೇಕಿತ್ತು. ದಶಾಂಶ ಎರಡೇ ಸ್ಥಾನಕ್ಕೆ ನಿಲ್ಲಿಸುವ ಸೌಲಭ್ಯ ಆ ಭಾಷೆಯಲ್ಲಿ ಇನ್ನೂ ಬಂದಿರಲಿಲ್ಲ. ನೂರರಿಂದ ಗುಣಿಸಿ, ಪೂರ್ಣಾಂಕ ಮಾಡಿ, ಮತ್ತೆ ನೂರರಿಂದ ಭಾಗಿಸಬೇಕು. 1.50 ಬಂದರೆ ಕೊನೆಯ ಸೊನ್ನೆ ಬಿದ್ದುಹೋಗುತ್ತದೆ, ಅದನ್ನು ನಾವೇ ಅಂಟಿಸಬೇಕು.

1996ರ ನೆಟ್‌ಸ್ಕೇಪ್ 3ರಲ್ಲಿ ಚಿತ್ರಗಳನ್ನೂ ಬದಲಿಸಬಹುದು. ಹತ್ತು ಅಂಕಿಗಳ ಗಿಫ್ ಮೊದಲೇ ಇಳಿಸಿಟ್ಟುಕೊಂಡರೆ, ಆಮೇಲೆ ಕನ್ನಡ ಅಂಕಿಗಳು ಒಂದರ ಹಿಂದೆ ಒಂದು ತಿರುಗುತ್ತಾ ೧೨೪.೮೦ಕ್ಕೆ ಬಂದು ನಿಲ್ಲುತ್ತವೆ. ಆಪ್ಲೆಟ್‌ಗಿಂತ ಇದೇ ನನಗೆ ಇಷ್ಟ. ಇಲ್ಲಿ ಪೆಟ್ಟಿಗೆಯಿಲ್ಲ, ಪುಟವೇ ಅಲುಗಾಡುತ್ತದೆ. ಜಾವಾಸ್ಕ್ರಿಪ್ಟ್ ಉಳಿದು ಆಪ್ಲೆಟ್ ಹೋಗಿದ್ದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ನಂಬಿಕೆ.

ಡಿಎಚ್‌ಟಿಎಂಎಲ್ (ಪುಟದ ಯಾವ ಭಾಗವನ್ನಾದರೂ ಜಾವಾಸ್ಕ್ರಿಪ್ಟಿನಿಂದ ಸರಿಸುವ, ಬದಲಿಸುವ ತಂತ್ರ) ಪುಟವೂ ಆಗಿದೆ, ಆದರೆ ಅದರ ಕೋಡ್ ಎರಡೆರಡು ಸಲ ಬರೆಯಬೇಕು. 1997ರಲ್ಲಿ ಪುಟದ ಭಾಗಗಳನ್ನು ಹಿಡಿಯೋಕೆ ನೆಟ್‌ಸ್ಕೇಪ್ 4ಕ್ಕೆ ಡಾಕ್ಯುಮೆಂಟ್ ಡಾಟ್ ಲೇಯರ್ಸ್ ಅಂತ ಬರೆಯಬೇಕಿತ್ತು, ಮೈಕ್ರೋಸಾಫ್ಟ್‌ನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) 4ಕ್ಕೆ ಡಾಕ್ಯುಮೆಂಟ್ ಡಾಟ್ ಆಲ್. ಒಂದರದ್ದು ಇನ್ನೊಂದಕ್ಕೆ ಆಗದು. ಆ ಕಾಲದ ಇನ್ನೊಂದು ಅನಿಮೇಷನ್ ತಂತ್ರವಾದ ಫ್ಲ್ಯಾಶ್ ಸದ್ಯಕ್ಕೆ ಮುಟ್ಟಿಲ್ಲ.

ಈಗ ಐಇ 5 ಹಾಕಿ ಇಟ್ಟಿದ್ದೇನೆ. 1999ರಲ್ಲಿ ಅದರ ಜೊತೆ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ಬಂತು. ಪುಟ ಇದ್ದಲ್ಲೇ ಇರುತ್ತದೆ, ಬೇಕಾದ ಮಾಹಿತಿಯನ್ನಷ್ಟೇ ಹಿಂದಿನಿಂದ ತರಿಸಿಕೊಳ್ಳಬಹುದು. ಮುಂದಿನ ಕೆಲಸ ಅದೇ: ಟೆಕ್ಸ್ಟ್ ಫೈಲಿಗೆ ಒಳಹರಿವು, ಹೊರಹರಿವಿನ ಎರಡು ಕಾಲಂ ಸೇರಿಸಿ, ಪರ್ಲ್‌ನಿಂದ ಕೊನೆಯ ಸಾಲು ಮಾತ್ರ ಕಳಿಸುವುದು. ಖಾನೆಗಳು ತಾವಾಗಿಯೇ ತುಂಬಿದರೆ ದೊಡ್ಡಪ್ಪ ಟೈಪ್ ಮಾಡುವ ತಾಪತ್ರಯವೂ ಇರುವುದಿಲ್ಲ.