ಹೆಸರಿಗೆ ಮೊದಲಿನ ಉಸಿರು

ಜನವರಿ 3, ಯೇಸುವಿನ ಪರಿಶುದ್ಧ ನಾಮದ ಸ್ಮರಣೆಯ ದಿನ, ಹಳೇ ಗೋವಾದ ಬಾಂ ಜೀಸಸ್ ಬೆಸಿಲಿಕಾದ ಎದುರು ನಿಂತಿದ್ದೆ. ಗಾರೆಯಿಲ್ಲದ ಆ ಕೆಂಪು ಕಲ್ಲಿನ ಮುಂಗೋಡೆಯ ತುದಿಯಲ್ಲಿ ಮೂರು ಅಕ್ಷರಗಳನ್ನು ಕೆತ್ತಿದ್ದಾರೆ: ಐ, ಎಚ್, ಎಸ್. ಗ್ರೀಕಿನಲ್ಲಿ ಯೇಸುವಿನ ಹೆಸರು ಆರಂಭವಾಗುವುದು ಆ ಮೂರು ಅಕ್ಷರಗಳಿಂದಲೇ. 1605ರಲ್ಲಿ ಪ್ರತಿಷ್ಠೆಯಾದ ಈ ದೇವಾಲಯಕ್ಕೆ ವಾಸ್ಕೋದಿಂದ ಎಷ್ಟೋ ಸಲ ಬಂದಿದ್ದರೂ ತಲೆಯೆತ್ತಿ ಅವನ್ನು ಓದಿದ್ದು ಅಂದೇ ಮೊದಲು. ಓದುತ್ತಿದ್ದಂತೆ, ಬೆಟಗೇರಿಯ ನಮ್ಮ ಅಜ್ಜಿಯ ಉಸಿರು ಕಿವಿಯ ಬಳಿ ಕೇಳಿದಂತಾಯಿತು.

ಸಂಜೆಯ ಪ್ರಾರ್ಥನೆಗೆ ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸತ್ಯವೇದ ತೆರೆಯುತ್ತಿದ್ದಳು. ಸಾಲಿನ ಕೆಳಗೆ ಸರಿಯುತ್ತಿದ್ದ ಅವಳ ಬೆರಳು ‘ಯೆಹೋವ’ ಎಂಬ ಪದಕ್ಕೆ ಬಂದು ನಿಲ್ಲುತ್ತಿತ್ತು. ಒಂದು ಉಸಿರು ಒಳಗೆ ಹೋಗುತ್ತಿತ್ತು. ಆಮೇಲೆ ಆ ಹೆಸರು, ಮಿಕ್ಕ ಪದಗಳಿಗಿಂತ ಮೆಲ್ಲಗೆ. 23ನೆಯ ಕೀರ್ತನೆ ಅವಳಿಗೆ ಬಾಯಿಪಾಠವಾಗಿತ್ತು, ಆದರೂ ಆ ಉಸಿರು ಒಂದು ದಿನವೂ ತಪ್ಪಲಿಲ್ಲ. ಅವಳು ಅಜ್ಜನ ಹೆಸರನ್ನು ಜನ್ಮದಲ್ಲಿ ಹೇಳಿದವಳಲ್ಲ. ಜನಗಣತಿಯವರು ಕೇಳಿದರೆ ನಮ್ಮ ಕಡೆ ಕೈ ತೋರಿಸುತ್ತಿದ್ದಳು. ಹಾಗಿದ್ದರೆ ದೇವರ ಹೆಸರನ್ನು ಹೇಗೆ ಹೇಳುತ್ತೀ ಎಂದು ನಾನೊಮ್ಮೆ ಕೇಳಿದ್ದೆ. “ಕರೀಲಿ ಅಂತ ಅವನ ತನ್ನ ಹೆಸರು ಹೇಳ್ಯಾನ ತಂಗಿ. ಆದ್ರ ಸಣ್ಣಗ ಕರೀಬೇಕು,” ಅಂದಳು.

ಯಬ್ಬೋಕ್ ಹೊಳೆಯ ದಡದಲ್ಲಿ ರಾತ್ರಿಯೆಲ್ಲ ದೇವರೊಡನೆ ಹೋರಾಡಿದ ಯಾಕೋಬನು ಆತನ ಹೆಸರು ಕೇಳಿದಾಗ ಅವನಿಗೆ ದೊರೆತದ್ದು ಆಶೀರ್ವಾದ, ಹೆಸರಲ್ಲ. ಮೋಶೆಗಾದರೋ, ಉರಿದರೂ ಸುಟ್ಟುಹೋಗದ ಪೊದೆಯ ನಡುವಿನಿಂದ, ಇರುವಾತನೇ ಆಗಿದ್ದೇನೆ ಎಂಬ ಉತ್ತರ ಬಂತು. ಹೇಳಿಯೂ ಹಿಡಿತಕ್ಕೆ ಸಿಗದ ಹೆಸರು ಅದು. ಆ ಉತ್ತರದೊಡನೆ ಬಂದ ಹೆಸರಿಗೆ ಹೀಬ್ರೂವಿನಲ್ಲಿ ನಾಲ್ಕೇ ವ್ಯಂಜನಗಳು. ಯೆಹೂದ್ಯರು ಓದುವಾಗ ಅದನ್ನು ಉಚ್ಚರಿಸದೆ ‘ಅದೋನಾಯ್’, ಅಂದರೆ ಕರ್ತನು, ಎನ್ನುತ್ತಾರೆ. ಆ ಪದದ ಸ್ವರಗಳು ಈ ನಾಲ್ಕು ವ್ಯಂಜನಗಳೊಡನೆ ಕೂಡಿ ‘ಯೆಹೋವ’ ಎಂಬ ರೂಪ ಬಂದಿದೆ. ಕಥೋಲಿಕ ಆರಾಧನೆಯ ಹಾಡು, ಪ್ರಾರ್ಥನೆಗಳಲ್ಲಿ ಆ ನಾಲ್ಕಕ್ಷರದ ಹೆಸರನ್ನು ಉಚ್ಚರಿಸಬಾರದೆಂದು 2008ರಲ್ಲಿ ವ್ಯಾಟಿಕನ್ ಸೂಚಿಸಿದಾಗ ನನಗೆ ಅಜ್ಜಿಯೇ ನೆನಪಾಗಿದ್ದಳು.

ಆದರೆ ನನ್ನನ್ನು ಆ ಕಲ್ಲಿನ ಕೆಳಗೆ ಅಲುಗದಂತೆ ನಿಲ್ಲಿಸಿದ್ದು ಬೇರೆಯೇ ವಿಚಾರ. ಎಂಟನೆಯ ದಿನ ಮರಿಯಳ ಮಗುವಿಗೆ ಇಟ್ಟ ಹೆಸರಿಗೆ ‘ಯೆಹೋವನೇ ರಕ್ಷಣೆ’ ಎಂಬ ಅರ್ಥ. ಪೊದೆಯ ಬೆಂಕಿಯಲ್ಲಿ ಮೋಶೆ ಮುಖ ಮುಚ್ಚಿಕೊಂಡು ಕೇಳಿದ ಹೆಸರು, ತಾಯಿ ತೊಟ್ಟಿಲ ಬಳಿ ಕರೆಯುವ ಕೂಸಿನ ಹೆಸರಿನೊಳಗೆ ಬಂದು ಕುಳಿತಿದೆ! ಇಷ್ಟು ಹತ್ತಿರ ಬಂದದ್ದಕ್ಕೇ ನಾವು ಅದನ್ನು ಸಸಾರ ಮಾಡಿಕೊಂಡೆವೇನೋ. ಕೈಯಿಂದ ಲೋಟ ಜಾರಿದರೂ ‘ಜೀಸಸ್’ ಎನ್ನುತ್ತೇವೆ. ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ ಎಂಬ ಮಾತನ್ನು ಬಸ್ಸು ತಪ್ಪೀತೆಂಬ ಅವಸರದಲ್ಲಿ ಮುಗಿಸುತ್ತೇವೆ. ನಾನೂ ಹಾಗೆಯೇ ಮುಗಿಸಿದವಳು, ಕರ್ತನು ಕ್ಷಮಿಸಲಿ.

ಅಂದು ಸಂಜೆ ಮನೆಯ ಪ್ರಾರ್ಥನೆಯಲ್ಲಿ 8ನೆಯ ಕೀರ್ತನೆ ತೆರೆದೆ. ಯೆಹೋವನೇ ಎಂಬ ಪದದ ಮುಂದೆ ಧ್ವನಿ ತಾನಾಗಿಯೇ ನಿಂತಿತು. ನನಗೆ ಸಾಲು ತಪ್ಪಿತೆಂದುಕೊಂಡ ಮಗಳು ಬಾಗಿ, ಆ ಪದದ ಕೆಳಗೆ ಬೆರಳಿಟ್ಟು ತೋರಿಸಿದಳು.